ನೆನಪಿಗೂ ಬೇಕೇ ಲಂಚ?

ಮಹಿಳಾ ಸಮಾಜದ ವಾರ್ಷಿಕೋತ್ಸವವೆಂದರೆ ಹಾಡು, ರಂಗೋಲಿ, ಚಮಚ-ನಿಂಬೆಹಣ್ಣಿನ ಓಟಗಳ ಜೊತೆಗೆ ತಟ್ಟೆಯ ಆಟವೂ ಇರಲೇಬೇಕು. ನೀವೂ ಆಡಿರುತ್ತೀರಿ. ದೊಡ್ಡದೊಂದು ತಟ್ಟೆಯಲ್ಲಿ ಕತ್ತರಿ, ಬಳೆ, ಏಲಕ್ಕಿ, ಬೀಗದ ಕೈ, ಅಡಿಕೆ, ಹೇರ್‌ಪಿನ್ನು ಅಂತ ಇಪ್ಪತ್ತು ಸಾಮಾನು ಜೋಡಿಸಿ ಸ್ವಲ್ಪ ಹೊತ್ತು ತೋರಿಸುತ್ತಾರೆ. ಆಮೇಲೆ ಮೇಲೊಂದು ಬಟ್ಟೆ ಮುಚ್ಚಿ, "ಕಂಡದ್ದನ್ನೆಲ್ಲ ಬರೀರಿ" ಅನ್ನುತ್ತಾರೆ. ಹತ್ತು ಬರೆಯುವಷ್ಟರಲ್ಲಿ ಪೆನ್ಸಿಲು ನಿಂತುಹೋಗುತ್ತದೆ. ಈಗ ತಾನೇ ಕಣ್ಣೆದುರಿಗಿದ್ದದ್ದು ಎಲ್ಲಿಗೆ ಹೋಯಿತು?

ಅದೇ ಆಟ ಶುರುವಾಗುವುದಕ್ಕೆ ಮೊದಲು ಕಾರ್ಯದರ್ಶಿಗಳು ಹೊಳೆಯುವ ಸ್ಟೀಲ್ ಡಬ್ಬಿಯೊಂದನ್ನು ಎತ್ತಿ ತೋರಿಸಿ, "ಗೆದ್ದವರಿಗೆ ಇದು" ಅಂದರು ಎನ್ನಿ. ಹರಟೆ ನಿಲ್ಲುತ್ತದೆ, ಕುರ್ಚಿಗಳು ತುಸು ಮುಂದಕ್ಕೆ ಸರಿಯುತ್ತವೆ. ಇದು ಹೊರಗೆ ಕಾಣುವ ಬದಲಾವಣೆ. ಡಬ್ಬಿಯ ಆಸೆ ತಲೆಯೊಳಗೆ ಹೊಕ್ಕು ಏನು ಮಾಡುತ್ತದೆ? ಬಹುಮಾನ ಇನ್ನೂ ಕೈಗೆ ಬಂದಿಲ್ಲ, ಬರುವುದೋ ಇಲ್ಲವೋ ಗೊತ್ತಿಲ್ಲ. ಬರಬಹುದೆಂಬ ನಿರೀಕ್ಷೆಯೊಂದೇ ನೆನಪನ್ನು ಬಲಪಡಿಸುತ್ತದೆಯೇ?

ಈ ಪ್ರಶ್ನೆಯ ಬೆನ್ನು ಹತ್ತಿದವರು ಸುಮಾರು ನೂರು ವರ್ಷಗಳಿಂದ ಇದ್ದಾರೆ. ದಿನಕ್ಕೆ ಹತ್ತು ಸಲ ಮಕ್ಕಳಿಗೆ "ಇದು ಮಾಡಿದರೆ ಅದು ಕೊಡ್ತೀನಿ" ಎನ್ನುವ ನಮಗೂ ಅವರು ಕಂಡುಕೊಂಡದ್ದು ಬೇಕಾದದ್ದೇ.

ಮೊದಲು, ಇಲ್ಲಿ ಮಾತಾಡುತ್ತಿರುವ ನೆನಪು ಯಾವುದೆಂದು ತಿಳಿಯೋಣ. ಮದುವೆಯ ದಿನ ಉಟ್ಟ ಸೀರೆ, ಮೂರನೆಯ ತರಗತಿಯ ಮೇಷ್ಟರ ಮುಖ, ಹದಿನಾರರ ಮಗ್ಗಿ - ಇವೆಲ್ಲ ಬೇರೆ. ಅವು ಪೆಟ್ಟಿಗೆಯಲ್ಲಿ ನುಸಿಗುಳಿಗೆ ಹಾಕಿ ಇಟ್ಟ ನೆನಪುಗಳು. ಇನ್ನೊಂದು ನೆನಪಿದೆ, ಅದರ ಆಯುಷ್ಯ ಕೆಲವೇ ಸೆಕೆಂಡು. ಬಟ್ಟೆ ಅಂಗಡಿಯಲ್ಲಿ ರಾಮಾ ಗ್ರೀನ್ ಸೀರೆ ನೋಡಿ, ಆ ಬಣ್ಣವನ್ನು ಮನಸ್ಸಿನಲ್ಲಿ ಹಿಡಿದುಕೊಂಡು ಬ್ಲೌಸ್ ಪೀಸಿನ ಕಡೆಗೆ ಹೋಗುತ್ತೀರಲ್ಲ, ಅದು. ಇದೇ ಪತ್ರಿಕೆಯಲ್ಲಿ 'ಕೊತ್ತಂಬರಿ ಬೀಜ ಎರಡು ಚಮಚ, ಮೆಣಸಿನಕಾಯಿ ಆರು' ಎಂದು ಓದಿ ಡಬ್ಬಿಯತ್ತ ತಿರುಗುವಷ್ಟರಲ್ಲಿ "ಎರಡೋ ಮೂರೋ?" ಎಂದು ಮತ್ತೆ ಪುಟ ನೋಡುತ್ತೀರಲ್ಲ, ಅದೂ ಇದರ ಒಡಹುಟ್ಟೇ. ಕಣ್ಣಿನಿಂದ ಮರೆಯಾದದ್ದನ್ನು ಕೆಲಸ ಮುಗಿಯುವತನಕ ಹಿಡಿದಿಡುವ ತತ್ಕಾಲದ ನೆನಪು ಇದು.

ಇದರ ಅಳತೆ ತೀರ ಸಣ್ಣದು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಸ್ಟೀವನ್ ಲಕ್ ಮತ್ತು ಎಡ್ವರ್ಡ್ ವೋಗೆಲ್ ಎಂಬವರು ಕಾಲೇಜು ಹುಡುಗ ಹುಡುಗಿಯರನ್ನು ಕೂರಿಸಿ ಬಣ್ಣದ ಚೌಕಗಳನ್ನು ತೋರಿಸಿದರು. ತೋರಿಸಿದ್ದು ಒಂದು ಸೆಕೆಂಡಿನ ಹತ್ತನೆಯ ಒಂದು ಪಾಲಿನಷ್ಟು ಹೊತ್ತು. ಸುಮಾರು ಒಂದು ಸೆಕೆಂಡು ಬರೀ ಪರದೆ. ಮತ್ತೆ ಚೌಕಗಳು, ಯಾವುದಾದರೂ ಬಣ್ಣ ಬದಲಾಗಿದೆಯೇ ಎಂದು ಹೇಳಬೇಕು. ಮೂರು ಚೌಕದವರೆಗೆ ಹೆಚ್ಚುಕಡಿಮೆ ತಪ್ಪೇ ಇಲ್ಲ. ನಾಲ್ಕನ್ನು ದಾಟಿದ ಮೇಲೆ ಉತ್ತರಗಳು ಜಾರತೊಡಗಿದವು. 1997ರಲ್ಲಿ ಈ ಪ್ರಯೋಗ ಪ್ರಕಟವಾಯಿತು. ಎಳೆಯ ವಯಸ್ಸು, ಓದಿನ ಅಭ್ಯಾಸ ಎಲ್ಲ ಇದ್ದೂ ತಲೆಯೊಳಗಿನ ತಟ್ಟೆಯಲ್ಲಿ ಜಾಗ ಮೂರು ನಾಲ್ಕಕ್ಕೆ ಮಾತ್ರ! ತಟ್ಟೆಯ ಆಟದಲ್ಲಿ ನಾವು ಹತ್ತರತನಕ ಹೋಗುವುದು ಮನಸ್ಸಿನಲ್ಲೇ ಹೆಸರು ಹೇಳಿಕೊಳ್ಳುತ್ತ, 'ಕತ್ತರಿ-ಸೂಜಿ' ಎಂದು ಜೋಡಿ ಕಟ್ಟಿಕೊಳ್ಳುತ್ತ ಹೋಗುವುದರಿಂದ.

ಕೋತಿಗೆ ಬಂದ ಕೋಪ

ನಿರೀಕ್ಷೆಯ ಕಥೆ ಶುರುವಾಗುವುದು ಒಂದು ಬಾಳೆಹಣ್ಣಿನಿಂದ. 1928ರಲ್ಲಿ ಕ್ಯಾಲಿಫೋರ್ನಿಯದ ಟಿಂಕಲ್‌ಪಾ ಎಂಬ ವಿಜ್ಞಾನಿ ತನ್ನ ಪ್ರಯೋಗದ ವಿವರ ಪ್ರಕಟಿಸಿದರು. ಕೋತಿಯ ಕಣ್ಣೆದುರಿಗೇ ಎರಡು ಬಟ್ಟಲುಗಳಲ್ಲಿ ಒಂದರ ಕೆಳಗೆ ಬಾಳೆಹಣ್ಣಿನ ತುಂಡು ಇಡುವುದು, ನಡುವೆ ಪರದೆ ಹಿಡಿಯುವುದು, ಸ್ವಲ್ಪ ಹೊತ್ತಿನ ಮೇಲೆ ಪರದೆ ತೆಗೆಯುವುದು. ಕೋತಿ ನೆಟ್ಟಗೆ ಸರಿಯಾದ ಬಟ್ಟಲಿಗೇ ಕೈ ಹಾಕುತ್ತಿತ್ತು. ಅಷ್ಟು ಹೊತ್ತೂ ಅದು ಜಾಗವನ್ನು ನೆನಪಿಟ್ಟುಕೊಂಡಿತ್ತು.

ಒಮ್ಮೆ ಅವರೊಂದು ಕುಚೇಷ್ಟೆ ಮಾಡಿದರು. ಪರದೆಯ ಮರೆಯಲ್ಲಿ ಹಣ್ಣು ತೆಗೆದು ಲೆಟಿಸ್ ಸೊಪ್ಪಿನ ಎಲೆ ಇಟ್ಟರು. ಬೇರೆ ದಿನ ಕೊಟ್ಟರೆ ಕೋತಿ ತಕರಾರಿಲ್ಲದೆ ತಿನ್ನುತ್ತಿದ್ದ ಸೊಪ್ಪೇ ಅದು. ಆದರೆ ಈಗ? ಬಟ್ಟಲೆತ್ತಿದ ಕೋತಿಯ ಕೈ ಹಾಗೇ ಕೆಳಗಿಳಿಯಿತು. ಸೊಪ್ಪನ್ನು ಮುಟ್ಟಲಿಲ್ಲ. ಬಟ್ಟಲನ್ನು ಒಳಗೂ ಹೊರಗೂ ತಿರುಗಿಸಿ ನೋಡಿತು, ಹಲಗೆಯ ಹಿಂದೆ ಹುಡುಕಿತು, ಎದ್ದು ನಿಂತು ತನ್ನ ಕೆಳಗೇ ನೋಡಿಕೊಂಡಿತು. ಕೆಲವು ಸಲ ಅಲ್ಲಿದ್ದ ಜನರ ಕಡೆ ತಿರುಗಿ ಕಿರುಚಿತಂತೆ. ಬಾದಾಮಿ ಹಲ್ವ ಎಂದು ಹೇಳಿ ಬೂದುಗುಂಬಳದ ಪಲ್ಯ ಬಡಿಸಿದರೆ ನಮ್ಮ ಮನೆಯ ಮಕ್ಕಳು ಮಾಡುವುದು ಇದಕ್ಕಿಂತ ಬೇರೆಯೇ?

ಆ ಒಂದು ಕಿರುಚಾಟದಿಂದ ತಿಳಿದದ್ದು ಬಹಳ. ಕೋತಿ ನೆನಪಿಟ್ಟುಕೊಂಡದ್ದು 'ಎಡಗಡೆಯ ಬಟ್ಟಲು' ಎಂಬ ಜಾಗವನ್ನಷ್ಟೇ ಅಲ್ಲ. ಅಲ್ಲಿ ತನಗೆ ಏನು ಸಿಗಬೇಕಾಗಿತ್ತು ಎಂಬುದನ್ನೂ. ನೆನಪು, ನಿರೀಕ್ಷೆ ಎರಡೂ ಒಂದೇ ಗಂಟಿನಲ್ಲಿ ಕಟ್ಟಿಕೊಂಡಿದ್ದವು.

ಈ ಗಂಟು ಮಿದುಳಿನಲ್ಲಿ ಎಲ್ಲಿದೆ? 1971ರಲ್ಲಿ ಅಮೆರಿಕದಲ್ಲಿ ಫಸ್ಟರ್ ಮತ್ತು ಅಲೆಕ್ಸಾಂಡರ್, ಅದೇ ವರ್ಷ ಜಪಾನಿನಲ್ಲಿ ಕುಬೋಟ ಮತ್ತು ನಿಕಿ, ಕೋತಿಗಳ ಮಿದುಳಿನಲ್ಲಿ ಕೂದಲಿನಂಥ ತಂತಿಗಳನ್ನಿಟ್ಟು ಒಂದೊಂದೇ ನರಕೋಶದ ವಿದ್ಯುತ್ ಮಿಡಿತವನ್ನು ಆಲಿಸಿದರು. (ಪಾಪದ ಪ್ರಾಣಿಗಳು ಅನ್ನಿಸುತ್ತದೆ, ನಿಜ. ನಮ್ಮ ತಿಳಿವಳಿಕೆಯ ಎಷ್ಟೋ ಋಣ ಅವುಗಳ ಮೇಲಿದೆ.) ಹಣೆಯ ಹಿಂದೆ, ಮಿದುಳಿನ ಮುಂಭಾಗದಲ್ಲಿರುವ ಕೆಲವು ನರಕೋಶಗಳು ಪರದೆ ಮುಚ್ಚಿರುವಷ್ಟು ಹೊತ್ತೂ ಮಿಡಿಯುತ್ತಲೇ ಇದ್ದವು. ಕಣ್ಣೆದುರಿಗೆ ಏನೂ ಇಲ್ಲ, ಕೈಗೆ ಕೆಲಸವಿಲ್ಲ. ಆದರೂ ಒಳಗೆ ದೀಪ ಆರದಂತೆ ಯಾರೋ ಬತ್ತಿ ಸರಿಮಾಡುತ್ತ ಕುಳಿತ ಹಾಗೆ.

ಆಮೇಲೆ 1996ರಲ್ಲಿ ಟೋಕಿಯೋದ ಮಸಾತಕ ವಟನಬೆ ಬಹುಮಾನವನ್ನೇ ಬದಲಾಯಿಸಿ ನೋಡಿದರು. ಒಮ್ಮೆ ಒಣದ್ರಾಕ್ಷಿ, ಒಮ್ಮೆ ಗೆಣಸು, ಒಮ್ಮೆ ಎಲೆಕೋಸು, ಒಮ್ಮೆ ಸೇಬು. ಕೋತಿ ಮಾಡಬೇಕಾದ ಕೆಲಸ ಒಂದೇ, ಯಾವ ಕಡೆ ಎಂಬುದನ್ನು ನೆನಪಿಡುವುದು. ಆದರೆ ಕಾಯುವ ಆ ಕೆಲವು ಸೆಕೆಂಡುಗಳಲ್ಲಿ ಮುಂಭಾಗದ ಕೆಲವು ನರಕೋಶಗಳ ಮಿಡಿತ ಬರಲಿರುವುದು ಯಾವ ತಿಂಡಿ ಎನ್ನುವುದರ ಮೇಲೆ ಬೇರೆ ಬೇರೆಯಾಗುತ್ತಿತ್ತು! 1999ರಲ್ಲಿ ಅಮೆರಿಕದ ಲಿಯಾನ್ ಮತ್ತು ಶಾಡ್ಲೆನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಪರದೆಯ ಮೇಲೆ ಮಿಂಚಿ ಮರೆಯಾದ ಚುಕ್ಕೆಯ ಜಾಗವನ್ನು ಕೋತಿ ನೆನಪಿಟ್ಟು, ಹೇಳಿದಾಗ ಅತ್ತ ಕಣ್ಣು ತಿರುಗಿಸಬೇಕು. ಈ ಸಲ ಸಿಗುವುದು ದೊಡ್ಡ ಬಹುಮಾನವೋ ಚಿಕ್ಕದೋ ಎಂದು ಮೊದಲೇ ಸೂಚನೆ ಕೊಡುತ್ತಿದ್ದರು. ದೊಡ್ಡದೆಂದು ತಿಳಿದಾಗ, ಜಾಗವನ್ನು ಹಿಡಿದಿಡುವ ನರಕೋಶಗಳೇ ಇನ್ನೂ ಜೋರಾಗಿ ಮಿಡಿದವು. ಅಂದರೆ ಆಸೆ ಎಂಬುದು ನೆನಪಿನ ಪಕ್ಕದಲ್ಲಿ ಕುಳಿತು ಚಪ್ಪಾಳೆ ತಟ್ಟುವುದಷ್ಟೇ ಅಲ್ಲ, ನೆನಪಿನ ಕೆಲಸಕ್ಕೇ ಕೈ ಜೋಡಿಸುತ್ತದೆ.

ಕೈ ಜೋಡಿಸುವ ಆ ವಸ್ತುವಿನ ಹೆಸರು ಡೋಪಮಿನ್. ಮಿದುಳಿನ ಆಳದಲ್ಲಿರುವ ಸ್ವಲ್ಪವೇ ನರಕೋಶಗಳು ಇದನ್ನು ತಯಾರಿಸಿ ದೂರದೂರಕ್ಕೆ ಕಳಿಸುತ್ತವೆ, ಮುಂಭಾಗಕ್ಕೂ ಕಳಿಸುತ್ತವೆ. 1979ರಲ್ಲಿ ಪ್ಯಾಟ್ರಿಶಿಯ ಗೋಲ್ಡ್‌ಮನ್ ಎಂಬ ಮಹಿಳಾ ವಿಜ್ಞಾನಿ ಮತ್ತು ಸಂಗಡಿಗರು ಕೋತಿಯ ಮಿದುಳಿನ ಆ ಭಾಗದಲ್ಲಿ ಡೋಪಮಿನ್ ಇಲ್ಲದಂತೆ ಮಾಡಿ ನೋಡಿದರು. ತತ್ಕಾಲದ ನೆನಪು, ಆ ಭಾಗವನ್ನೇ ಕತ್ತರಿಸಿ ತೆಗೆದರೆ ಕೆಡುವಷ್ಟೇ ಹೆಚ್ಚುಕಡಿಮೆ ಕೆಟ್ಟಿತು. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಎಲ್-ಡೋಪ ಔಷಧಿ ಕೊಟ್ಟಾಗ ಸುಧಾರಿಸಿತು. ಎಲ್-ಡೋಪ ನಮ್ಮ ಬೇಲಿಗಳಲ್ಲಿ ಹಬ್ಬುವ ನಸುಗುನ್ನಿ ಕಾಯಿಯ ಬೀಜದಲ್ಲೂ ಇದೆ. ಅದನ್ನು ಬೀಜದಿಂದ ಬೇರ್ಪಡಿಸಿದ ವಿವರವನ್ನು ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ 1937ರಲ್ಲೇ ಪ್ರಕಟಿಸಿದ್ದರು. ಹಾಗೆಂದು ಪರೀಕ್ಷೆಯ ಮುಂಚೆ ಮಕ್ಕಳಿಗೆ ನಸುಗುನ್ನಿಯ ಲೇಹ ಮಾಡಲು ಹೊರಡಬೇಡಿ! ವೈದ್ಯರ ಕೈಯಲ್ಲಿರಬೇಕಾದ ವಸ್ತು ಅದು.

ಡೋಪಮಿನ್ನಿನ ಸ್ವಭಾವ ಮಾತ್ರ ವಿಚಿತ್ರ. ಸ್ವಿಟ್ಜರ್ಲೆಂಡಿನ ವುಲ್ಫ್ರಾಂ ಶುಲ್ಟ್ಸ್ ಮತ್ತು ಇಬ್ಬರು ಜೊತೆಗಾರರು 1997ರಲ್ಲಿ ವಿವರಿಸಿದಂತೆ, ಕೋತಿಗೆ ಮೊದಮೊದಲು ಹಣ್ಣಿನ ರಸ ಬಾಯಿಗೆ ಬಿದ್ದಾಗ ಈ ನರಕೋಶಗಳು ಮಿಡಿಯುತ್ತವೆ. ರಸಕ್ಕೆ ಮುಂಚೆ ದೀಪವೊಂದು ಹೊತ್ತುತ್ತದೆ ಎಂಬುದು ರೂಢಿಯಾದ ಮೇಲೆ ಮಿಡಿತ ದೀಪಕ್ಕೆ. ರಸ ಬಂದಾಗ ಮೌನ. ದೀಪ ಹೊತ್ತಿಯೂ ರಸ ಬರದೇಹೋದರೆ, ಬರಬೇಕಾಗಿದ್ದ ಆ ಗಳಿಗೆಗೆ ಸರಿಯಾಗಿ ಇದ್ದ ಮಿಡಿತವೂ ತಗ್ಗಿಬಿಡುತ್ತದೆ. ಲೆಟಿಸ್ ಕಂಡ ಕೋತಿಯ ತಲೆಯೊಳಗೆ ಆದದ್ದೂ ಇಂಥದೇ ಏನೋ ಇರಬೇಕು. ಮಕ್ಕಳಿಗೆ "ಆಮೇಲೆ ಕೊಡ್ತೀನಿ" ಎಂದು ಹೇಳಿ ಮರೆಯುವ ಅಭ್ಯಾಸವಿರುವವರು ಇದನ್ನು ಸ್ವಲ್ಪ ಯೋಚಿಸಬೇಕು. ಮಾತು ಕೊಟ್ಟು ತಪ್ಪುವುದು ಏನೂ ಕೊಡದೆ ಇರುವುದಕ್ಕಿಂತ ಕೆಟ್ಟದ್ದು.

ಮನುಷ್ಯರ ಮೇಲೆ

ಮನುಷ್ಯರ ಮಿದುಳಿಗೆ ತಂತಿ ಚುಚ್ಚುವ ಹಾಗಿಲ್ಲ. ಆದರೆ ಎಂ.ಆರ್.ಐ. ಯಂತ್ರದಲ್ಲಿ ಮಲಗಿಸಿ ಮಿದುಳಿನ ಯಾವ ಭಾಗಕ್ಕೆ ರಕ್ತ ಹೆಚ್ಚು ಹರಿಯುತ್ತಿದೆ ಎಂದು ನೋಡಬಹುದು. ತಲೆಗೆ ಟೋಪಿಯಂಥದನ್ನು ಹಾಕಿ ಮಿದುಳಿನ ವಿದ್ಯುತ್ ಅಲೆಗಳನ್ನು ಬರೆದುಕೊಳ್ಳಬಹುದು. ಕ್ಯಾಲಿಫೋರ್ನಿಯದ ಕ್ರಾವ್‌ಚಿಕ್, ಗಜಾಲಿ, ಡೆಸ್ಪೊಸಿಟೊ 2007ರಲ್ಲಿ ಮೊದಲಿನ ವಿಧಾನದಲ್ಲಿ ನೋಡಿದರು. ಮುಖಗಳ ಚಿತ್ರ, ಊರು-ಬೆಟ್ಟಗಳಂಥ ದೃಶ್ಯಗಳ ಚಿತ್ರ ತೋರಿಸಿ ನೆನಪಿಡಲು ಹೇಳಿದರು. ಹೆಚ್ಚು ಹಣ ಸಿಗುವುದೆಂದು ತಿಳಿದಾಗ ಮಿದುಳಿನ ಮುಂಭಾಗ ಚುರುಕಾದದ್ದಷ್ಟೇ ಅಲ್ಲ, ಹಿಂಬದಿಯಲ್ಲಿ ನೋಟವನ್ನು ಅರಗಿಸಿಕೊಳ್ಳುವ ಭಾಗವೂ ಚುರುಕಾಯಿತು. ಮನೆಯ ಯಜಮಾನಿ ಹಜಾರದಲ್ಲಿ ನಿಂತು "ಬೇಗ, ನೆಂಟರು ಬಂದರು" ಎಂದರೆ ಒಳಗೆ ಅಡಿಗೆಮನೆ ಎದ್ದು ಕೂರುತ್ತದಲ್ಲ, ಹಾಗೆ. ಜಪಾನಿನ ಕವಸಾಕಿ ಮತ್ತು ಯಮಗುಚಿ 2013ರಲ್ಲಿ ವಿದ್ಯುತ್ ಅಲೆಗಳನ್ನು ನೋಡಿ, ಹಣದ ನಿರೀಕ್ಷೆಯಿದ್ದಾಗ ತಲೆಯ ಮುಂಭಾಗದ ಅಲೆಗಳು ತಾಳ ಕೂಡಿಸಿಕೊಂಡು ಹೊಮ್ಮುತ್ತವೆ, ನೆನಪಿನ ಅಳತೆಯೂ ಹೆಚ್ಚುತ್ತದೆ ಎಂದರು.

ಹಾಗಾದರೆ ಲಂಚ ಕೊಟ್ಟರೆ ನೆನಪು ಬೆಳೆಯುತ್ತದೆ ಎಂದಾಯಿತೇ? ನಿಧಾನಿಸಿ. ಎಲ್ಲ ಪ್ರಯೋಗಗಳೂ ಒಂದೇ ರಾಗ ಹಾಡಿಲ್ಲ. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನ, ನೋಡಿದ್ದನ್ನು ನೆನಪಿಡುವ ಇಂಥದೇ ಪರೀಕ್ಷೆಯಲ್ಲಿ ಹಣದಿಂದ ಏನೂ ಹೆಚ್ಚಲಿಲ್ಲ ಎಂದೇ ಹೇಳಿತು. ಇನ್ನೊಂದು ವಿಷಯ ಮಾತ್ರ ಮತ್ತೆ ಮತ್ತೆ ಕಂಡುಬಂದಿದೆ: ನಾಲ್ಕು ವಸ್ತುಗಳಲ್ಲಿ ಒಂದಕ್ಕೆ ಮಾತ್ರ ಹೆಚ್ಚು ಬೆಲೆ ಕಟ್ಟಿದರೆ, ಅದು ಚೆನ್ನಾಗಿ ನೆನಪುಳಿಯುತ್ತದೆ, ಉಳಿದವುಗಳ ನೆನಪು ಅಷ್ಟಷ್ಟೇ ಮಸುಕಾಗುತ್ತದೆ. ನನಗೆ ಅನ್ನಿಸುವುದು ಇಷ್ಟು: ಪಾತ್ರೆ ದೊಡ್ಡದಾಗುವುದು ಕಡಿಮೆ, ಅದರಲ್ಲಿ ಯಾವುದಕ್ಕೆ ಜಾಗ ಎಂಬುದನ್ನು ಆಸೆ ತೀರ್ಮಾನಿಸುತ್ತದೆ.

ಆಸೆ ಅತಿಯಾದರೆ? ಇದಕ್ಕೆ ಉತ್ತರ ಬಂದದ್ದು ನಮ್ಮ ಪಕ್ಕದ ತಮಿಳುನಾಡಿನಿಂದ. ಡಾನ್ ಏರಿಯಲಿ ಮತ್ತು ಮೂವರು ಸಂಗಡಿಗರು ಮಧುರೆಯ ಆಸುಪಾಸಿನ ಹಳ್ಳಿಗಳಲ್ಲಿ ನಡೆಸಿದ ಪ್ರಯೋಗ 2009ರಲ್ಲಿ ಪ್ರಕಟವಾಯಿತು. ಹಳ್ಳಿಯ 87 ಮಂದಿ ಆರು ಆಟಗಳನ್ನು ಆಡಿದರು. ಅದರಲ್ಲೊಂದು 'ಸೈಮನ್' ಎಂಬ ಆಟಿಕೆ: ನಾಲ್ಕು ಬಣ್ಣದ ಗುಂಡಿಗಳು ಒಂದಾದಮೇಲೊಂದು ಬೆಳಗುತ್ತವೆ, ಬೆಳಗಿದ ಕ್ರಮದಲ್ಲೇ ನೆನಪಿಟ್ಟು ಒತ್ತಬೇಕು. ಚೆನ್ನಾಗಿ ಆಡಿದರೆ ಒಂದೊಂದು ಆಟಕ್ಕೆ ಕೆಲವರಿಗೆ 4 ರೂಪಾಯಿ, ಕೆಲವರಿಗೆ 40, ಕೆಲವರಿಗೆ 400. ಆರೂ ಆಟಕ್ಕೆ 2,400 ರೂಪಾಯಿ ಎಂದರೆ ಆಗ ಹಳ್ಳಿಯಲ್ಲಿ ಒಬ್ಬರ ಹಲವು ತಿಂಗಳ ಖರ್ಚು. ನಾಲ್ಕು ರೂಪಾಯಿಯವರೂ ನಲವತ್ತರವರೂ ಹೆಚ್ಚುಕಡಿಮೆ ಒಂದೇ ಸಮ ಆಡಿದರು. ಎಲ್ಲರಿಗಿಂತ ಹಿಂದೆ ಬಿದ್ದವರು ನಾನೂರರ ಆಸೆ ಹೊತ್ತವರು!

ಯಾಕೆ ಹೀಗೆ? ಮೂರು ನಾಲ್ಕು ಮಣೆ ಹಾಕುವಷ್ಟೇ ಜಾಗವಿರುವ ಮನೆಯಲ್ಲಿ 'ನಾನೂರು ರೂಪಾಯಿ' ಎಂಬ ನೆಂಟನೂ, 'ತಪ್ಪಿಹೋದರೆ?' ಎಂಬ ನೆಂಟನೂ ಬಂದು ಕುಳಿತರೆ ಕೆಂಪು, ಹಸಿರು, ಹಳದಿಗಳಿಗೆ ಜಾಗವೆಲ್ಲಿ?

"ಫಸ್ಟ್ ಕ್ಲಾಸ್ ಬಂದರೆ ಸ್ಕೂಟರ್, ಬರದಿದ್ದರೆ ಮನೆಗೆ ಬರಬೇಡ" ಎಂಬ ಮಾತು ಪರೀಕ್ಷೆಯ ಕಾಲದಲ್ಲಿ ಎಷ್ಟು ಮನೆಗಳಲ್ಲಿ ಕೇಳಿಬರುತ್ತದೆ! ಪರೀಕ್ಷೆಯ ಹಾಲಿನಲ್ಲಿ ಹುಡುಗ ಪ್ರಶ್ನೆಯ ಅಂಕಿಗಳನ್ನು ತಲೆಯಲ್ಲಿ ಹಿಡಿದಿಡಬೇಕೋ, ಸ್ಕೂಟರನ್ನೋ, ಅಪ್ಪನ ಮುಖವನ್ನೋ? ಸಂಜೆ ಹತ್ತು ಲೆಕ್ಕ ಮಾಡಿದರೆ ಒಂದು ಚಕ್ಕುಲಿ, ಮುಗಿದ ಮೇಲೆ ಅರ್ಧ ಗಂಟೆ ಆಟ - ಇಷ್ಟು ಸಾಕು. ಹತ್ತಿರದ್ದಿರಲಿ, ಚಿಕ್ಕದಿರಲಿ, ಹೇಳಿದ್ದು ಹೇಳಿದ ಹಾಗೇ ಸಿಗಲಿ.

ಮಗು ತಾನಾಗಿಯೇ ಖುಷಿಯಿಂದ ಮಾಡುವ ಕೆಲಸಕ್ಕಂತೂ ಇನಾಮು ಕಟ್ಟಲೇಬೇಡಿ. 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಶಿಶುವಿಹಾರದಲ್ಲಿ ಬಣ್ಣದ ಪೆನ್ನಿನಿಂದ ಚಿತ್ರ ಬರೆಯುವ ಹುಚ್ಚಿದ್ದ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ "ಚಿತ್ರ ಬರೆದರೆ ರಿಬ್ಬನ್ ಇರುವ ಪ್ರಶಸ್ತಿ ಪತ್ರ" ಎಂದು ಮೊದಲೇ ಹೇಳಿದರು. ಕೆಲವರಿಗೆ ಹೇಳದೆ, ಬರೆದ ಮೇಲೆ ಕೊಟ್ಟರು. ಒಂದೆರಡು ವಾರದ ಮೇಲೆ ನೋಡಿದರೆ, ಮೊದಲೇ ಆಸೆ ತೋರಿಸಿಸಿಕೊಂಡ ಮಕ್ಕಳು ಚಿತ್ರದ ಮುಂದೆ ಕೂರುವ ಹೊತ್ತು ಉಳಿದವರದಕ್ಕಿಂತ ಸುಮಾರು ಅರ್ಧಕ್ಕೆ ಇಳಿದಿತ್ತು. ಹೇಳದೆ ಪಡೆದವರ ಉತ್ಸಾಹ ಹಾಗೇ ಇತ್ತು.

ಇನ್ನು ನಮ್ಮ ವಿಷಯ. "ನಿನಗೆ ಮರೆವು ಜಾಸ್ತಿಯಾಯ್ತು ಕಣೇ" ಎಂಬ ಮಾತು ಕೇಳದ ಗೃಹಿಣಿ ಇದ್ದಾಳೆಯೇ? ಪ್ರಯೋಗಶಾಲೆಯಲ್ಲಿ ಒಂದು ಬಣ್ಣದ ಚೌಕ ನೆನಪಿಟ್ಟರೂ ಕಾಸು ಸಿಗುತ್ತದೆ. ಇಲ್ಲಿ ಒಲೆಯ ಮೇಲಿನ ಹಾಲು, ಕುಕ್ಕರಿನ ಎಷ್ಟನೆಯ ಸೀಟಿ, ಅತ್ತೆಯವರ ಮಾತ್ರೆ, ಮಗಳು ಈಗ ತಾನೇ ಕೇಳಿದ ನೀಲಿ ರಿಬ್ಬನ್ನು ಇವೆಲ್ಲ ಅದೇ ಮೂರು ನಾಲ್ಕು ಮಣೆಯ ಜಾಗಕ್ಕೆ ನೂಕುನುಗ್ಗಲು. ನೆನಪಿಟ್ಟಾಗ ಯಾರಿಗೂ ಕಾಣುವುದಿಲ್ಲ; ಮರೆತ ದಿನ ಮಾತ್ರ ಮನೆಗೆಲ್ಲ ಕಾಣುತ್ತದೆ. ಸಂಬಳ ಯಾರೂ ಕೊಡುವುದು ಬೇಡ. ಜಪಾನಿನ ವಿಜ್ಞಾನಿಗಳು 2008ರಲ್ಲಿ ತೋರಿಸಿದ್ದಾರೆ: ಇತರರು ತಮ್ಮನ್ನು ಹೊಗಳಿದ್ದಾರೆ ಎಂದು ತಿಳಿದಾಗ, ಹಣ ಸಿಕ್ಕಾಗ ಚುರುಕಾಗುವ ಮಿದುಳಿನ ಅದೇ ಭಾಗ ಚುರುಕಾಗುತ್ತದೆ. "ಇವತ್ತಿನ ಸಾರು ಬಹಳ ಚೆನ್ನಾಗಿದೆ" ಎಂಬ ಮಾತಿಗೆ ಮನೆಯವರ ಜೇಬಿನಿಂದ ಒಂದು ಪೈಸೆಯೂ ಹೋಗುವುದಿಲ್ಲವಲ್ಲ! ಈ ಪುಟವನ್ನು ಅವರ ಕಣ್ಣಿಗೆ ಬೀಳುವ ಹಾಗೆ ಮಡಿಸಿಡಿ, ನನ್ನ ಅಡ್ಡಿಯಿಲ್ಲ.

ಒಂದು ಎಚ್ಚರಿಕೆಯ ಮಾತು. ಮನೆಯ ಹಿರಿಯರು ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಿದ್ದರೆ, ಗೊತ್ತಿದ್ದ ಬೀದಿಯಲ್ಲೇ ದಾರಿ ತಪ್ಪುತ್ತಿದ್ದರೆ, ಅದು ಉತ್ಸಾಹದ ಕೊರತೆಯೂ ಅಲ್ಲ, ಸೋಮಾರಿತನವೂ ಅಲ್ಲ. ಬೈಯದೆ ವೈದ್ಯರಿಗೆ ತೋರಿಸಿ.

ಮಕ್ಕಳಿಗೆ ರಜೆಯಿದ್ದ ಮಧ್ಯಾಹ್ನ ನೀವೇ ಒಂದು ಆಟ ಹೂಡಿ ನೋಡಬಹುದು. ಹೊಲಿಗೆ ಡಬ್ಬಿಯಿಂದ ಬಣ್ಣ ಬಣ್ಣದ ಗುಂಡಿಗಳನ್ನು ಆರಿಸಿ ಮೂರನ್ನು ಚಾಪೆಯ ಮೇಲಿಡಿ. ಒಂದು ಕ್ಷಣ ತೋರಿಸಿ ಕರವಸ್ತ್ರ ಮುಚ್ಚಿ, ಮರೆಯಲ್ಲೇ ಒಂದನ್ನು ಬದಲಾಯಿಸಿ ತೆಗೆಯಿರಿ. ಗುರುತಿಸಿದರೆ ಒಂದು ಚೂರು ಕೊಬ್ಬರಿ ಮಿಠಾಯಿ. (ಮಿಠಾಯಿ ಎಂದು ಹೇಳಿ ಬಿಸ್ಕತ್ತು ಕೊಡಬೇಡಿ, ಕೋತಿಯ ಕಥೆ ನೆನಪಿರಲಿ!) ಆಮೇಲೆ ನಾಲ್ಕು, ಐದು, ಆರು ಎಂದು ಏರಿಸುತ್ತ ಹೋಗಿ. ಮೂರಕ್ಕೆ ಥಟ್ಟನೆ ಉತ್ತರ ಬರಬಹುದು. ಆರಕ್ಕೆ ತಡವರಿಸಿದರೆ ಗದರಿಸಬೇಡಿ. ಅಯೋವಾದ ಕಾಲೇಜು ಹುಡುಗರೂ ತಡವರಿಸಿದ್ದು ಅಲ್ಲೇ.